ದೂರಿಗೊಂದು ವಿಳಾಸ: ರಾಜಕೀಯದ ಕೆಲಸದ ತಾಣಗಳಲ್ಲಿ ಲೈಂಗಿಕ ಕಿರುಕುಳದ ವಿಚಾರಣೆ

1. ಪ್ರಶ್ನೆ

ಪಕ್ಷದ ಕಚೇರಿಯಲ್ಲಿ ಬೂತ್ ಪಟ್ಟಿ ತಿದ್ದುವ, ಸಭೆಗೆ ಜನ ಸೇರಿಸುವ, ನಾಯಕರ ಪ್ರವಾಸದ ಬೆನ್ನಿಗೆ ಊರೂರು ಸುತ್ತುವ ಕಾರ್ಯಕರ್ತೆಗೆ ಆ ಕೆಲಸದ ನಡುವೆಯೇ ಲೈಂಗಿಕ ಕಿರುಕುಳವಾದರೆ ಆಕೆ ಯಾರ ಕೈಗೆ ದೂರು ಕೊಡಬೇಕು? ಅದನ್ನು ತೆಗೆದುಕೊಂಡವರು ಆಕೆಗೂ ಆಕೆ ಹೆಸರಿಸಿದವನಿಗೂ ಅನ್ಯಾಯವಾಗದ ಹಾಗೆ ಹೇಗೆ ವಿಚಾರಿಸಬೇಕು? ಬ್ಯಾಂಕಿನ ಗುಮಾಸ್ತೆಗೆ, ಕಾಲೇಜಿನ ಉಪನ್ಯಾಸಕಿಗೆ, ಗಾರ್ಮೆಂಟ್ ಕಾರ್ಖಾನೆಯ ಕೆಲಸಗಾರ್ತಿಗೆ ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಪಕ್ಷದ ಕಾರ್ಯಕರ್ತೆಗೆ ಇಲ್ಲ. ಆ ಖಾಲಿ ಜಾಗ ಎಲ್ಲಿದೆ, ಅದರಿಂದ ಯಾರು ಯಾರಿಗೆ ಪೆಟ್ಟಾಗಿದೆ, ಅದನ್ನು ತುಂಬುವ ದಾರಿ ಯಾವುದು ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ.

'ರಾಜಕೀಯದ ಕೆಲಸದ ತಾಣ' ಎಂದಾಗ ಇಲ್ಲಿ ನಾಲ್ಕು ಜಾಗಗಳು ಮನಸ್ಸಿನಲ್ಲಿವೆ: ಪಕ್ಷದ ಕಚೇರಿ, ಜನಪ್ರತಿನಿಧಿಯ ಕ್ಷೇತ್ರ ಕಚೇರಿ, ಅವರ ಮನೆ ಮತ್ತು ಸದನ. ಕರ್ನಾಟಕದಲ್ಲಿ ಈ ನಾಲ್ಕರ ನಡುವೆ ಗೋಡೆ ಬಹಳ ತೆಳು. ಬೆಳಿಗ್ಗೆ ಮನೆಯಲ್ಲಿ ಅಹವಾಲು, ಮಧ್ಯಾಹ್ನ ಕಚೇರಿಯಲ್ಲಿ ಸಭೆ, ರಾತ್ರಿ ತೋಟದ ಮನೆಯಲ್ಲಿ ಮಾತುಕತೆ ನಡೆಯುವುದು ನಮ್ಮ ರಾಜಕಾರಣದ ದಿನಚರಿ.

2. ಸ್ಪ್ರಿಂಗ್ ವ್ಯಾಲಿಯಿಂದ ಕಂಡದ್ದು

ಈ ಟಿಪ್ಪಣಿ ಬರೆಯುತ್ತಿರುವುದು ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ. ವೆಸ್ಟ್‌ಲ್ಯಾಂಡ್ಸ್ ಕ್ಷೇತ್ರಕ್ಕೆ ಸೇರಿದ ಈ ಬಡಾವಣೆಯಲ್ಲಿ ಎತ್ತರದ ಬೇಲಿಯ ಹಿಂದಿನ ಮನೆಗಳಲ್ಲಿ ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬಿಬ್ಬರು ಹೆಂಗಸರು, ಇಲ್ಲಿಯವರು ಶಾಂಬಾ ಎನ್ನುವ ತೋಟಕ್ಕೊಬ್ಬ, ಗೇಟಿಗೊಬ್ಬ ಅಸ್ಕಾರಿ, ಅಂದರೆ ಕಾವಲುಗಾರ, ಇರುವುದು ಸಾಮಾನ್ಯ. ಕೆನ್ಯಾದ 2007ರ ಉದ್ಯೋಗ ಕಾಯ್ದೆಯ 6ನೇ ಕಲಂ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಾಲೀಕರು ಲೈಂಗಿಕ ಕಿರುಕುಳದ ಬಗ್ಗೆ ಲಿಖಿತ ನೀತಿಯನ್ನು ಹೊರಡಿಸಲೇಬೇಕು. ನಾಲ್ಕು ಜನ ದುಡಿಯುವ ಮನೆಗೆ ಆ ಕಡ್ಡಾಯವಿಲ್ಲ. ಕಿರುಕುಳ ಅಲ್ಲೂ ಕಾನೂನಿಗೆ ವಿರುದ್ಧವೇ. ಆದರೆ ದೂರು ಕೇಳಬೇಕಾದ ಧಣಿಯೇ ತಪ್ಪಿತಸ್ಥನಾದರೆ ಮುಂದೇನು ಎಂದು ತಿಳಿಸುವ ಒಂದು ಕಾಗದವೂ ಆ ಮನೆಯ ಗೋಡೆಯ ಮೇಲಿರಬೇಕಾಗಿಲ್ಲ. ಒಬ್ಬ ಶಾಸಕರ ಕ್ಷೇತ್ರ ಕಚೇರಿಯ ಗಾತ್ರವೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ನೆನಪಿಡಬೇಕು.

ಕೆನ್ಯಾದ 2006ರ ಲೈಂಗಿಕ ಅಪರಾಧಗಳ ಕಾಯ್ದೆ ನಮಗೆ ಇನ್ನೂ ಹತ್ತಿರದ ಪಾಠ. ಅದನ್ನು ಖಾಸಗಿ ಮಸೂದೆಯಾಗಿ ತಂದವರು ಆಗ ನಾಮಕರಣಗೊಂಡ ಸಂಸದೆಯಾಗಿದ್ದ ಎನ್ಜೋಕಿ ಎನ್ಡುಂಗು. ಮುಂದೆ ಅವರು ಆ ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಚರ್ಚೆಯ ವೇಳೆ ಸದಸ್ಯರೊಬ್ಬರು ಆಡಿದ ಮಾತಿಗೆ ನೊಂದು ಮಹಿಳಾ ಸದಸ್ಯರು ಸದನದಿಂದ ಹೊರನಡೆದರು. ಈ ಕಾಯ್ದೆಯ 23ನೇ ಕಲಂ ಲೈಂಗಿಕ ಕಿರುಕುಳವನ್ನು ವಿವರಿಸುವಾಗ ಅಧಿಕಾರದ ಸ್ಥಾನದಲ್ಲಿರುವವರನ್ನೂ ಸಾರ್ವಜನಿಕ ಹುದ್ದೆಯಲ್ಲಿರುವವರನ್ನೂ ಹೆಸರಿಸಿಯೇ ಹೇಳುತ್ತದೆ. ಸಂಬಳದ ಚೀಟಿ ಇದೆಯೇ ಎಂದು ಅದು ಮೊದಲು ಕೇಳುವುದಿಲ್ಲ, ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳುತ್ತದೆ.

ಅದೇ ಕಾಯ್ದೆಯಲ್ಲಿ ಒಂದು ದೊಡ್ಡ ತಪ್ಪೂ ಇತ್ತು. ಸುಳ್ಳು ದೂರು ಕೊಟ್ಟವರಿಗೆ, ಅವರು ಆರೋಪಿಸಿದ ಅಪರಾಧಕ್ಕೆ ಇರುವಷ್ಟೇ ಶಿಕ್ಷೆ ಎಂದು 38ನೇ ಕಲಂ ಹೇಳುತ್ತಿತ್ತು. ಸಾಕ್ಷಿಯಿಲ್ಲದ ಕೋಣೆಯಲ್ಲಿ ನಡೆದದ್ದನ್ನು ಸಾಬೀತು ಮಾಡಲಾಗದ ಹೆಣ್ಣು ಈ ಮಾತನ್ನು ಓದಿದ ಮೇಲೆ ಠಾಣೆಯ ಮೆಟ್ಟಿಲು ಹತ್ತುವುದುಂಟೇ? 2012ರಲ್ಲಿ ಆ ಕಲಂ ರದ್ದಾಯಿತು.

ಆಫ್ರಿಕಾದ ಸಂಸತ್ತುಗಳ ಸ್ಥಿತಿ ಹೇಗಿದೆ ಎಂದು ಅಂತರ-ಸಂಸದೀಯ ಒಕ್ಕೂಟ 2021ರಲ್ಲಿ ಅಧ್ಯಯನ ಮಾಡಿತು. 50 ದೇಶಗಳ 224 ಮಹಿಳೆಯರನ್ನು ಮಾತನಾಡಿಸಿತು. ಅವರಲ್ಲಿ 137 ಮಂದಿ ಸಂಸದೆಯರು, 87 ಮಂದಿ ಸಂಸತ್ತಿನ ಸಿಬ್ಬಂದಿ. ಸಂಸದೆಯರಲ್ಲಿ ಶೇ. 80 ಮಂದಿ ಮಾನಸಿಕ ಹಿಂಸೆಯನ್ನೂ ಶೇ. 39 ಮಂದಿ ಲೈಂಗಿಕ ಹಿಂಸೆಯನ್ನೂ ಅನುಭವಿಸಿದ್ದಾಗಿ ಹೇಳಿದರು. ಮತ ಪಡೆದು ಗೆದ್ದವರಿಗೇ ಈ ಪಾಡಾದರೆ, ಅವರಿಗಾಗಿ ಕರಪತ್ರ ಹಂಚುವವರ ಪಾಡನ್ನು ಊಹಿಸಿಕೊಳ್ಳಬಹುದು.

ಕೆನ್ಯಾದಿಂದ ಕಲಿಯಬಹುದಾದ ಇನ್ನೊಂದು ಸಂಗತಿ ರಾಜಕೀಯ ಪಕ್ಷಗಳ ವಿವಾದ ನ್ಯಾಯಮಂಡಳಿ. 2011ರ ರಾಜಕೀಯ ಪಕ್ಷಗಳ ಕಾಯ್ದೆಯಡಿ ಸದಸ್ಯ ಮತ್ತು ಪಕ್ಷದ ನಡುವಿನ, ಸದಸ್ಯ ಸದಸ್ಯರ ನಡುವಿನ ವಿವಾದಗಳನ್ನು ಅದು ಕೇಳುತ್ತದೆ. ಮೊದಲು ಪಕ್ಷದ ಒಳಗೆ ಪ್ರಯತ್ನಿಸಿರಬೇಕು. ಅಲ್ಲಿ ಬಗೆಹರಿಯದಿದ್ದರೆ ಮಂಡಳಿಗೆ ಬರಬಹುದು. ಮಂಡಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಲೈಂಗಿಕ ಕಿರುಕುಳಕ್ಕೆಂದೇ ಮಾಡಿದ ವ್ಯವಸ್ಥೆ ಇದಲ್ಲ. ಆದರೂ ಪಕ್ಷದ ಸದಸ್ಯತ್ವವೇ ಕಾನೂನಿನ ಕಣ್ಣಿಗೆ ಬೀಳುವ ಸಂಬಂಧ ಎಂದು ಒಪ್ಪಿಕೊಂಡ ಕಾನೂನು ಇದು. ಭಾರತದಲ್ಲಿ ಇಂಥ ಮಂಡಳಿ ಇಲ್ಲ.

3. 'ಉದ್ಯೋಗಿ' ಎಂಬ ಪದ

ನಮ್ಮಲ್ಲಿ ಜನ ಪಾಷ್ ಕಾಯ್ದೆ ಎನ್ನುವುದು ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನನ್ನು. ಅದೇ ವರ್ಷ ಡಿಸೆಂಬರ್ 9ರಂದು ಅದು ಜಾರಿಗೆ ಬಂತು. ಅದರ ಬೇರು ಸುಪ್ರೀಂ ಕೋರ್ಟಿನ 1997ರ ಆಗಸ್ಟ್ 13ರ ವಿಶಾಖಾ ತೀರ್ಪಿನಲ್ಲಿದೆ. ಆ ತೀರ್ಪಿನ ಹಿಂದೆ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ ಇದ್ದಾರೆ. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗೌರವಧನದ ಮೇಲೆ ದುಡಿಯುತ್ತಿದ್ದ 'ಸಾಥಿನ್' ಆಕೆ. ಬಾಲ್ಯವಿವಾಹ ತಡೆಯಲು ಮನೆಮನೆಗೆ ಹೋದದ್ದೇ ಆಕೆಯ ಮೇಲಿನ 1992ರ ಅತ್ಯಾಚಾರಕ್ಕೆ ಕಾರಣವಾಯಿತು. ಜನರ ನಡುವೆ ಓಡಾಡಿ, ಅವರ ಮನಸ್ಸು ತಿರುಗಿಸುವ ಕೆಲಸ ಅದು. ಪಕ್ಷದ ಕಾರ್ಯಕರ್ತೆ ಮಾಡುವ ಕೆಲಸಕ್ಕೂ ಅದಕ್ಕೂ ಬಹಳ ದೂರವಿಲ್ಲ.

ಕಾಯ್ದೆಯ ಮಾತುಗಳನ್ನೇ ಹತ್ತಿರದಿಂದ ಓದೋಣ. ಉದ್ಯೋಗಿ ಯಾರು ಎಂಬ ವ್ಯಾಖ್ಯೆಯಲ್ಲಿ ಕಾಯಂ, ತಾತ್ಕಾಲಿಕ, ದಿನಗೂಲಿ ಎಲ್ಲರೂ ಇದ್ದಾರೆ. ಸಂಬಳಕ್ಕೆ ದುಡಿಯುವವರೂ ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವವರೂ ಇದ್ದಾರೆ. ಕೆಲಸದ ತಾಣ ಎಂಬುದರಲ್ಲಿ ಸಂಘ, ಟ್ರಸ್ಟ್, ಸ್ವಯಂಸೇವಾ ಸಂಸ್ಥೆ, ಕೆಲಸದ ಮೇಲೆ ಹೋದ ಊರು, ಮಾಲೀಕರು ಒದಗಿಸಿದ ವಾಹನ, ವಾಸದ ಮನೆ ಕೂಡ ಬರುತ್ತವೆ. ಪ್ರಚಾರದ ಜೀಪು, ಸಮಾವೇಶದ ಊರು, ನಾಯಕರ ಮನೆ ಎಲ್ಲವೂ ಈ ಮಾತುಗಳೊಳಗೆ ಹಿಡಿಸುತ್ತವೆ ಎಂದು ನನ್ನ ಓದು.

ನ್ಯಾಯಾಲಯಗಳು ಹಾಗೆ ಓದಿಲ್ಲ. 2022ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್, ಪಕ್ಷ ಮತ್ತು ಸದಸ್ಯರ ನಡುವೆ ಮಾಲೀಕ-ಉದ್ಯೋಗಿ ಸಂಬಂಧವಿಲ್ಲದ ಕಾರಣ ಪಕ್ಷಗಳು ಆಂತರಿಕ ದೂರು ಸಮಿತಿ ರಚಿಸಬೇಕಾಗಿಲ್ಲ ಎಂದಿತು. ಅದರ ವಿರುದ್ಧದ ಅರ್ಜಿಯನ್ನು 2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ವಜಾ ಮಾಡಿತು. ಪಕ್ಷ ಸೇರುವುದು ನೌಕರಿಗೆ ಸೇರಿದಂತಲ್ಲ ಎಂಬುದು ತರ್ಕ. ಕಾಸರಗೋಡಿನ ಕನ್ನಡಿಗ ಕಾರ್ಯಕರ್ತೆ ಹೈಕೋರ್ಟಿನ ಆ ತೀರ್ಪಿನ ನೇರ ವ್ಯಾಪ್ತಿಯಲ್ಲಿದ್ದಾಳೆ. ಮಂಗಳೂರಿನ, ಹುಬ್ಬಳ್ಳಿಯ ಕಾರ್ಯಕರ್ತೆಯ ಸ್ಥಿತಿಯೂ ಈಗ ಬೇರೆಯಲ್ಲ.

ತೀರ್ಪನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕು. ಪಕ್ಷ ಸಂಬಳ ಕೊಡದಿರಬಹುದು, ಆದರೆ ಬಿ ಫಾರಂ ಕೊಡುತ್ತದೆ. ಘಟಕದ ಪದಾಧಿಕಾರಿ ಪಟ್ಟ, ನಿಗಮ ಮಂಡಳಿಯ ಸದಸ್ಯತ್ವ, ವೇದಿಕೆಯ ಮೇಲೊಂದು ಕುರ್ಚಿ ಕೊಡುತ್ತದೆ. ಹತ್ತು ವರ್ಷ ದುಡಿದ ಕಾರ್ಯಕರ್ತೆಗೆ ಬಿ ಫಾರಂ ತಪ್ಪಿದರೆ ಆಕೆಯ ರಾಜಕೀಯ ಬದುಕು ಅಲ್ಲಿಗೆ ಮುಗಿದ ಹಾಗೆ. ಅದು ಏಕೆ ತಪ್ಪಿತು ಎಂದು ಯಾರೂ ಬರೆದುಕೊಡುವುದಿಲ್ಲ. ಆಕೆಯ ಅನ್ನ, ಮಾನ, ಮುಂದಿನ ದಾರಿ ಎಲ್ಲವೂ ಒಬ್ಬರ ಸಹಿಯಲ್ಲಿರುವಾಗ, ಅಲ್ಲಿರುವ ಅಧಿಕಾರದ ತೂಕ ಯಾವ ನೌಕರಿಗೂ ಕಡಿಮೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಸ್ವಯಂಸೇವಕರನ್ನೂ ಕೆಲಸ ಹುಡುಕುವವರನ್ನೂ ರಕ್ಷಣೆಯೊಳಗೆ ಸೇರಿಸಿದ್ದು ಈ ಕಾರಣಕ್ಕೇ.

4. ಪಕ್ಷವೇ ಪಂಚಾಯಿತಿಯಾದಾಗ

ಕಾನೂನು ಹೊರಗೆ ನಿಂತ ಮೇಲೆ ದೂರು ಪಕ್ಷದೊಳಗೇ ಸುತ್ತುತ್ತದೆ. ಎರಡು ಉದಾಹರಣೆಗಳು ಸಾಕು.

2018ರಲ್ಲಿ ಕೇರಳದ ಸಿಪಿಎಂ ಶಾಸಕ ಪಿ.ಕೆ. ಶಶಿ ವಿರುದ್ಧ ಯುವ ಸಂಘಟನೆಯ ಕಾರ್ಯಕರ್ತೆಯೊಬ್ಬರು ಪಕ್ಷದ ಹಿರಿಯರಿಗೆ ದೂರು ಕೊಟ್ಟರು. ಪಕ್ಷ ತನ್ನದೇ ಇಬ್ಬರು ನಾಯಕರ ಆಯೋಗ ಮಾಡಿತು. ಅವರಲ್ಲೊಬ್ಬರು ಮಹಿಳೆ. ಆ ವರ್ಷದ ನವೆಂಬರ್‌ನಲ್ಲಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿತು. ದೂರನ್ನು ಕೇಳಿತು, ಕ್ರಮವನ್ನೂ ಕೈಗೊಂಡಿತು. ಇಷ್ಟು ಅದರ ಪಾಲಿಗೆ ಹೇಳಲೇಬೇಕು. ಆದರೆ ವಿಚಾರಿಸಿದವರು, ತೀರ್ಮಾನಿಸಿದವರು, ಹೆಸರು ಕೆಟ್ಟರೆ ನಷ್ಟ ಅನುಭವಿಸುವವರು ಎಲ್ಲರೂ ಒಂದೇ ಪಕ್ಷದವರು. ಹೊರಗಿನ ಒಬ್ಬ ಸದಸ್ಯರೂ ಇರಲಿಲ್ಲ.

ಎರಡನೆಯದು 2023ರ ಏಪ್ರಿಲ್‌ನದು. ಭದ್ರಾವತಿಯ ಬಿ.ವಿ. ಶ್ರೀನಿವಾಸ್ ಆಗ ಭಾರತೀಯ ಯುವ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರು. ಅಸ್ಸಾಂ ಯುವ ಕಾಂಗ್ರೆಸ್ಸಿನ ಅಧ್ಯಕ್ಷೆ ಅವರ ಮೇಲೆ ಕಿರುಕುಳದ ಆರೋಪ ಮಾಡಿ ಪೊಲೀಸರಿಗೆ ದೂರು ಕೊಟ್ಟರು. ಶ್ರೀನಿವಾಸ್ ಆರೋಪ ಅಲ್ಲಗಳೆದರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಬಂಧನದಿಂದ ರಕ್ಷಣೆ ಕೊಟ್ಟಿತು. ಆರೋಪದ ಸತ್ಯಾಸತ್ಯ ಈ ಟಿಪ್ಪಣಿಯ ವಿಷಯವಲ್ಲ. ಆರೋಪ ಬಹಿರಂಗವಾದ ಕೆಲವೇ ದಿನಗಳಲ್ಲಿ, ಏಪ್ರಿಲ್ 22ರಂದು, ಪಕ್ಷವಿರೋಧಿ ಚಟುವಟಿಕೆಯ ಹೆಸರಿನಲ್ಲಿ ದೂರುದಾರೆಯನ್ನೇ ಆರು ವರ್ಷ ಉಚ್ಚಾಟಿಸಲಾಯಿತು ಎಂಬುದು ಇಲ್ಲಿ ಮುಖ್ಯ. ಅಷ್ಟರಲ್ಲಿ ಸ್ವತಂತ್ರ ಸಮಿತಿಯೊಂದು ಇಬ್ಬರ ಮಾತನ್ನೂ ಕೇಳಿರಲಿಲ್ಲ. ಇದರಿಂದ ದೂರುದಾರೆಗೆ ಪಕ್ಷ ಹೋಯಿತು. ಆರೋಪಿತರಿಗೂ ಲಾಭವಾಗಲಿಲ್ಲ: ನಿಷ್ಪಕ್ಷಪಾತವಾದ ವಿಚಾರಣೆ ಮಾತ್ರ ಕೊಡಬಲ್ಲ ಶುದ್ಧ ಚೀಟಿಯನ್ನು ಉಚ್ಚಾಟನೆಯ ಆದೇಶ ಕೊಡಲಾರದು.

5. ಬೆಳಗಾವಿ, 2024ರ ಡಿಸೆಂಬರ್ 19

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನದ ಕೊನೆಯ ದಿನ. ವಿಧಾನ ಪರಿಷತ್ತಿನಲ್ಲಿ ಗದ್ದಲ. ಬಿಜೆಪಿ ಸದಸ್ಯ ಸಿ.ಟಿ. ರವಿ ತಮ್ಮ ವಿರುದ್ಧ ಅಶ್ಲೀಲ ಪದ ಬಳಸಿದರು ಎಂದು ಸಚಿವೆ ಲಕ್ಷ್ಮೀ ಹೆಬ್ಬಾಳಕರ ದೂರಿದರು. ರವಿ ಅದನ್ನು ನಿರಾಕರಿಸಿದರು. ಹೆಬ್ಬಾಳಕರ ಅವರ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಕೆಲಸದ ಜಾಗದಲ್ಲಿ ಹೆಣ್ಣಿನ ಘನತೆ ಕಾಯುವ ಕಾಯ್ದೆಯ ಹೊಣೆ ಹೊತ್ತ ಇಲಾಖೆಯ ಮುಖ್ಯಸ್ಥೆಗೆ, ತನ್ನ ಕೆಲಸದ ಜಾಗದಲ್ಲಿ ಆದ ಅವಮಾನಕ್ಕೆ ಆ ಕಾಯ್ದೆಯಡಿ ಹೋಗಲು ಬಾಗಿಲಿರಲಿಲ್ಲ.

ಮುಂದೆ ಆದದ್ದನ್ನು ಎರಡೂ ಕಡೆಯಿಂದ ನೋಡಬೇಕು. ಸಂಜೆಯೊಳಗೆ ರವಿ ಅವರ ಬಂಧನವಾಯಿತು. ರಾತ್ರಿಯಿಡೀ ಪೊಲೀಸ್ ವಾಹನದಲ್ಲಿ ಊರಿಂದೂರಿಗೆ ಸುತ್ತಿಸಿದರು ಎಂದು ಅವರು ದೂರಿದರು. ಮರುದಿನ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ಇತ್ತ ಸಭಾಪತಿ ಬಸವರಾಜ ಹೊರಟ್ಟಿ, ಆ ಹೊತ್ತಿಗೆ ಸದನ ಮುಂದೂಡಿದ್ದರಿಂದ ಕಡತದಲ್ಲಿ ಏನೂ ದಾಖಲಾಗಿಲ್ಲ, ಸದನದೊಳಗಿನ ವಿಷಯ ಸಭಾಪತಿಯ ವ್ಯಾಪ್ತಿಯದು ಎಂದರು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಪ್ರಕರಣ ರದ್ದುಪಡಿಸಲು ಒಪ್ಪಲಿಲ್ಲ. ಆಡಿದರೆನ್ನಲಾದ ಮಾತಿಗೂ ಸದನದ ಕಾರ್ಯಕ್ಕೂ ಸಂಬಂಧವಿಲ್ಲ ಎಂಬುದು ಅದರ ನಿಲುವು. ಒಂದು ಪದ ಆಡಲಾಯಿತೇ ಇಲ್ಲವೇ ಎಂಬ ಪ್ರಶ್ನೆ ಹೀಗೆ ಸದನ, ಠಾಣೆ, ನ್ಯಾಯಾಲಯಗಳ ನಡುವೆ ಓಡಾಡಿತು. ಸದನದಲ್ಲಿ ಇದಕ್ಕೆಂದೇ ಪಕ್ಷಾತೀತವಾದ ವ್ಯವಸ್ಥೆ ಇದ್ದಿದ್ದರೆ ಧ್ವನಿಮುದ್ರಿಕೆ, ಪಕ್ಕದಲ್ಲಿದ್ದವರ ಹೇಳಿಕೆ, ಇಬ್ಬರ ಮಾತು ಎಲ್ಲವನ್ನೂ ಆ ವಾರದಲ್ಲೇ ಶಾಂತವಾಗಿ ದಾಖಲಿಸಬಹುದಿತ್ತು.

ಬ್ರಿಟನ್ನಿನ ಸಂಸತ್ತು ಇಂಥ ವ್ಯವಸ್ಥೆಯನ್ನು 2018ರಲ್ಲಿ ಮಾಡಿಕೊಂಡಿತು. ಸಂಸದರು, ಸಿಬ್ಬಂದಿ ಯಾರೇ ಆಗಲಿ ಸ್ವತಂತ್ರ ದೂರು ಯೋಜನೆಗೆ ಹೋಗಬಹುದು. ಸಂಸದರ ಮೇಲಿನ ಗಂಭೀರ ಪ್ರಕರಣಗಳಲ್ಲಿ ಶಿಕ್ಷೆಯನ್ನು ಗೊತ್ತುಮಾಡಲು 2020ರಲ್ಲಿ ತಜ್ಞರ ಸ್ವತಂತ್ರ ಮಂಡಳಿ ಬಂತು. ಅದರಲ್ಲಿ ಸಂಸದರಿಗೆ ಜಾಗವಿಲ್ಲ. ತಮ್ಮವರನ್ನು ತಾವೇ ತೂಗುವುದು ಸರಿಯಲ್ಲ ಎಂದು ಸದನವೇ ಒಪ್ಪಿಕೊಂಡದ್ದರಿಂದ ಅದರ ಹಕ್ಕುಗಳಿಗೆ ಕುಂದು ಬರಲಿಲ್ಲ.

6. ಹಾಸನ

2024ರ ಏಪ್ರಿಲ್ 26ರ ಮತದಾನಕ್ಕೆ ಮೊದಲ ದಿನಗಳಲ್ಲಿ ಹಾಸನದಲ್ಲಿ ಪೆನ್ ಡ್ರೈವ್‌ಗಳು ಕೈಯಿಂದ ಕೈಗೆ ಹರಿದವು. ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ ವಿಡಿಯೊಗಳಲ್ಲಿ ಹೆಂಗಸರ ಮುಖಗಳನ್ನು ಮರೆಮಾಡಿರಲಿಲ್ಲ. ಇದನ್ನು ನಾವು ಮರೆಯಬಾರದು. ದೂರು ಕೊಡಬೇಕೇ ಬೇಡವೇ ಎಂದು ಆ ಹೆಂಗಸರು ತೀರ್ಮಾನಿಸುವ ಮೊದಲೇ ಬೇರೆಯವರು ಅವರ ಮಾನವನ್ನು ಚುನಾವಣೆಯ ಸರಕು ಮಾಡಿದರು. ದೂರಿಗೆ ಗುಟ್ಟಾದ, ಭದ್ರವಾದ ವಿಳಾಸ ಇಲ್ಲದಾಗ ಅದು ಬೀದಿಗೆ ಬೀಳುತ್ತದೆ. ಬೀದಿಯಲ್ಲಿ ಮೊದಲು ತುಳಿತಕ್ಕೆ ಸಿಗುವವಳು ನೊಂದವಳೇ.

ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಮುಖ್ಯಮಂತ್ರಿಗೆ ಪತ್ರ ಬರೆದರು. ವಿಶೇಷ ತನಿಖಾ ತಂಡ ರಚನೆಯಾಯಿತು. ಜೆಡಿಎಸ್ ಏಪ್ರಿಲ್ 30ರಂದು ಪ್ರಜ್ವಲ್ ಅವರನ್ನು ಅಮಾನತು ಮಾಡಿತು. ವಿದೇಶದಿಂದ ಮರಳಿದ ಪ್ರಜ್ವಲ್ ಮೇ 31ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅವರನ್ನು ಅಪರಾಧಿ ಎಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ಸಾಬೀತಾದ ಆರೋಪಗಳಲ್ಲಿ, ಹೆಣ್ಣಿನ ಮೇಲೆ ಹಿಡಿತವಿರುವ ಸ್ಥಾನದಲ್ಲಿದ್ದು ಎಸಗಿದ ಅತ್ಯಾಚಾರ ಎಂಬ ಕಲಮೂ ಸೇರಿದೆ. ಕೆನ್ಯಾದ 23ನೇ ಕಲಂ ಕಿರುಕುಳದ ಮಟ್ಟದಲ್ಲೇ ಕೇಳುವ ಪ್ರಶ್ನೆಯನ್ನು ನಮ್ಮ ದಂಡಸಂಹಿತೆ ಅತ್ಯಾಚಾರದ ಮಟ್ಟ ಮುಟ್ಟಿದ ಮೇಲೆ ಕೇಳುತ್ತದೆ. ನಡುವಿನ ಹಂತಗಳಲ್ಲಿ, ಅಂದರೆ ಬೇಡದ ಸ್ಪರ್ಶ, ರಾತ್ರಿಯ ಫೋನು, 'ಒಬ್ಬಳೇ ಬಾ' ಎಂಬ ಮಾತು ಇವುಗಳ ಹಂತದಲ್ಲಿ, ಕೇಳುವವರಿರಲಿಲ್ಲ.

7. ವಿಚಾರಣೆಯ ಕೋಣೆ

ನ್ಯಾಯಯುತ ವಿಚಾರಣೆ ಎಂದರೇನು ಎಂಬುದಕ್ಕೆ ಪಾಷ್ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ಒಳ್ಳೆಯ ಅಳತೆ ಇದೆ. ಸಮಿತಿಗೆ ಹಿರಿಯ ಮಹಿಳೆಯ ಅಧ್ಯಕ್ಷತೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು. ಕಾರಣವಿದ್ದರೆ ಇನ್ನೂ ಮೂರು ತಿಂಗಳು. ದೂರಿನ ಪ್ರತಿ ಏಳು ಕೆಲಸದ ದಿನಗಳೊಳಗೆ ಎದುರುದಾರನ ಕೈ ಸೇರಬೇಕು. ಅವನು ಹತ್ತು ಕೆಲಸದ ದಿನಗಳೊಳಗೆ ತನ್ನ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬೇಕು. ಇಬ್ಬರ ಪರವಾಗಿಯೂ ವಕೀಲರಿಲ್ಲ. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಹೆಸರುಗಳು ಹೊರಬರುವಂತಿಲ್ಲ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಇಬ್ಬರಿಗೂ ಮೇಲ್ಮನವಿಯ ಹಕ್ಕಿದೆ. ದುರುದ್ದೇಶದ ಸುಳ್ಳು ದೂರಿಗೆ ಕ್ರಮವಿದೆ. ಆದರೆ ಸಾಬೀತಾಗಲಿಲ್ಲ ಎಂಬ ಮಾತ್ರಕ್ಕೆ ದೂರು ಸುಳ್ಳಾಗದು ಎಂದು 14ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಕೆನ್ಯಾ ಆರು ವರ್ಷ ಎಡವಿ ಕಲಿತ ಪಾಠ ನಮ್ಮ ಕಾಯ್ದೆಯಲ್ಲಿ ಮೊದಲಿನಿಂದಲೇ ಇದೆ.

ಅವಸರ ಯಾರಿಗೂ ಒಳ್ಳೆಯದಲ್ಲ ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಸಾಕ್ಷಿ. ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥರ ಮೇಲೆ 2009ರಲ್ಲಿ ವಿದ್ಯಾರ್ಥಿನಿಯರು ದೂರಿದರು. ಸಮಿತಿ ಬಿರುಸಿನಲ್ಲಿ ಸಭೆಗಳ ಮೇಲೆ ಸಭೆ ನಡೆಸಿ, ಎದುರುದಾರರಿಗೆ ಸಾಕಷ್ಟು ಅವಕಾಶ ಕೊಡದೆ ಮುಗಿಸಿತು. ಕೆಲಸದಿಂದ ತೆಗೆದದ್ದೂ ಆಯಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಸಹಜ ನ್ಯಾಯದ ಕೊರತೆಯ ಕಾರಣಕ್ಕೆ ಅದನ್ನು ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ನಡೆಸಲು ಹೇಳಿತು. 14 ವರ್ಷದ ಮೇಲೆ ಮತ್ತೆ ಮೊದಲಿಂದ. ಆರೋಪಿತನಿಗೆ ನಿರಾಕರಿಸಿದ ಹತ್ತು ದಿನಗಳ ಬೆಲೆಯನ್ನು ದೂರುದಾರರು ವರ್ಷಗಟ್ಟಲೆ ತೆರುತ್ತಾರೆ.

ರಾಜಕೀಯಕ್ಕೆ ಹೊಂದಿಸುವಾಗ ಒಂದು ಅಂಶಕ್ಕೆ ಹೊಸ ಅರ್ಥ ಕೊಡಬೇಕು. ವಿಚಾರಣೆ ನಡೆಯುವಾಗ ಕಚೇರಿಯಲ್ಲಿ ವರ್ಗಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೊಡಬಹುದು. ಕಾರ್ಯಕರ್ತೆಗೆ ಅದರ ಸಮಾನ ಯಾವುದು? ಎದುರುದಾರ ಆಕೆಯ ಕ್ಷೇತ್ರದ ಉಸ್ತುವಾರಿಯಾಗಿ ಇರಬಾರದು. ಆಕೆಯ ಬಿ ಫಾರಂ, ಆಕೆಯ ಪದವಿ ಅವನ ಸಹಿಗೆ ಬರಬಾರದು. ದೂರು ಇತ್ಯರ್ಥವಾಗುವ ತನಕ ಆಕೆಯನ್ನು ಪಕ್ಷದಿಂದ ತೆಗೆಯಬಾರದು. ಹಾಗೆಯೇ ಅವನ ಹೆಸರನ್ನು ಎದುರಾಳಿಗಳ ಭಾಷಣಕ್ಕೆ ಒಪ್ಪಿಸಬಾರದು.

8. ನಿಲುವು

ಕರ್ನಾಟಕ ಮಹಿಳೆಯರನ್ನು ರಾಜಕೀಯಕ್ಕೆ ಕರೆದ ನಾಡು. 1983ರ ಕಾಯ್ದೆ ಪಂಚಾಯಿತಿಗಳಲ್ಲಿ ಶೇ. 25 ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅದು ನಿಜವಾಯಿತು. ಈಗ ಅದು ಅರ್ಧಕ್ಕೆ ಏರಿದೆ. ಆದರೂ 2023ರ ಮೇ ತಿಂಗಳಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು 10. ಪಂಚಾಯಿತಿಯಿಂದ ವಿಧಾನಸೌಧದವರೆಗಿನ ದಾರಿಯಲ್ಲಿ ಎಷ್ಟೋ ಮಂದಿ ಏಕೆ ನಿಂತುಬಿಡುತ್ತಾರೆ ಎಂಬುದಕ್ಕೆ ಕಾರಣ ಹಲವು. ನಂಬಿ ಹೇಳಿಕೊಳ್ಳಲು ಜಾಗವಿಲ್ಲದಿರುವುದು ಅವುಗಳಲ್ಲಿ ಒಂದು ಎಂದು ನನ್ನ ದೃಢ ಅಭಿಪ್ರಾಯ.

ಆಗಬೇಕಾದ ಕೆಲಸ ಮೂರು. ಒಂದು, ಪಾಷ್ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇರಬೇಕಾದ ಸ್ಥಳೀಯ ಸಮಿತಿಗೆ ಪಕ್ಷದ ಕಾರ್ಯಕರ್ತೆಯರ ದೂರು ಕೇಳುವ ಅಧಿಕಾರ ಸಿಗುವಂತೆ ಸಂಸತ್ತು ಕಾಯ್ದೆಯ ವ್ಯಾಖ್ಯೆಯನ್ನು ತಿದ್ದಬೇಕು. ಎರಡು, ನಮ್ಮ ವಿಧಾನಮಂಡಲ ತನ್ನ ಸದಸ್ಯರಿಗೂ ಸಿಬ್ಬಂದಿಗೂ ಅನ್ವಯಿಸುವ ಸ್ವತಂತ್ರ ದೂರು ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ಮೂರು, ತಿದ್ದುಪಡಿಗೆ ಕಾಯದೆ ಪಕ್ಷಗಳು ಹೊರಗಿನವರೇ ಹೆಚ್ಚಿರುವ ಸಮಿತಿ ರಚಿಸಬೇಕು. ಸಮಿತಿ ಕಡ್ಡಾಯವಲ್ಲ ಎಂದಷ್ಟೇ ನ್ಯಾಯಾಲಯ ಹೇಳಿದೆ. ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆಯಲ್ಲಿ ಕರಪತ್ರ ಹಿಡಿದು ಹೆಣ್ಣುಮಗಳೊಬ್ಬಳು ನಿಮ್ಮ ಬಾಗಿಲಿಗೆ ಬರುತ್ತಾಳೆ. ಹಿಂದೆಯೇ ಅಭ್ಯರ್ಥಿಯೂ ಬರುತ್ತಾರೆ. ರಸ್ತೆ, ನೀರು, ಚರಂಡಿ ಕೇಳುವಾಗ ಅವರನ್ನು ಇದೊಂದನ್ನೂ ಕೇಳಿ: ನಿಮ್ಮ ಪಕ್ಷದಲ್ಲಿ ಈಕೆ ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು? ಉತ್ತರವನ್ನು ಆಕೆಯ ಎದುರಿಗೇ ಹೇಳಿಸಿ.